ಸಿಂಹಕ್ಕೊಂದು ಗೂಟ

೭ ಆಗಸ್ಟ್ ೧೯೭೮, ಸೋಮವಾರ. ಖಾನಾಪುರ

ಹಾಜರಿ: ೨೩.

ಇಂದಿನಿಂದ ನಾನು ಬಾಲವಾಡಿಯ ಶಿಕ್ಷಕಿ. ಬೆಳಗಾವಿಯ ಮಹಿಳಾ ಮಂಡಳದವರು ಇಲ್ಲಿ ನಡೆಸುವ ಬಾಲವಾಡಿ ಎಂದರೆ ಹೆಂಚಿನ ಒಂದು ಕೋಣೆ, ಒಂದು ಕರಿಹಲಗೆ, ಒಬ್ಬ ಸಿದ್ದಕ್ಕ. ಸಿದ್ದಕ್ಕ ಮಕ್ಕಳನ್ನು ಮನೆಮನೆಯಿಂದ ಕರೆತರುತ್ತಾಳೆ, ಉಪ್ಪಿಟ್ಟು ಮಾಡುತ್ತಾಳೆ, ಉಳಿದ ಹೊತ್ತು ನನ್ನನ್ನು ನೋಡಿ ನಗುತ್ತಾಳೆ. ನನ್ನ ಹೆಸರು ಕುಂದಾ ಎಂದು ಹೇಳಿದಾಗಿನಿಂದ ಈ ನಗು. "ತಿನ್ನೂ ಕುಂದಾ ಏನ್ರೀ?" ಎಂದು ಕೇಳಿದಳು. ಕುಂದಾ ಎಂಬ ಸಿಹಿಗೆ ಹೆಸರಾದ ಬೆಳಗಾವಿಯಲ್ಲೇ ಹುಟ್ಟಿದ ಮಗಳಿಗೆ ಈ ಹೆಸರಿಟ್ಟ ಅಪ್ಪನಿಗೆ ಬುದ್ಧಿ ಬೇಡವೇ?

ಆದರೆ ಇದೆಲ್ಲ ಕೆಲವೇ ತಿಂಗಳು. ಮಂಡಳದ ಅಧ್ಯಕ್ಷೆ ಸುಹಾಸಿನಿಬಾಯಿ ಸ್ಪಷ್ಟವಾಗಿ ಹೇಳಿದ್ದಾರೆ. "ಜನವರಿಯೊಳಗ ಹುಡುಗೂರು ಹತ್ತರ ತನಕ ಎಣಿಸಬೇಕು ನೋಡು, ಕುಂದಾ. ನಾನೇ ಬಂದು ನೋಡ್ತೀನಿ. ಎಣಿಸಿದ್ರ ಬಾಲವಾಡಿ ಉಳೀತದ, ನಿನಗ ಬೆಳಗಾವಿ ಶಿಶುವಿಹಾರದಾಗ ಕೆಲಸಾ ಸಿಗ್ತದ. ಇಲ್ಲಂದ್ರ ಇದಕ್ಕ ಕೀಲಿ ಜಡದುಬಿಡ್ತೀವಿ."

ಹತ್ತರವರೆಗೆ ಎಣಿಸುವುದನ್ನು ಕಲಿಸಲು ಜನವರಿ ಯಾಕೆ ಬೇಕು? ದಸರೆಗೆ ಮುಗಿಸುತ್ತೇನೆ.

೧೦ ಆಗಸ್ಟ್, ಗುರುವಾರ

ಹಾಜರಿ: ೨೧.

ಅಪ್ಪ ಕೊಡಿಸಿದ ಪ್ರಾಣಿಗಳ ಪುಸ್ತಕವನ್ನು ಇಂದು ತೆರೆದೆ. ದಪ್ಪ ಹಾಳೆ, ಹೊಳೆಯುವ ಬಣ್ಣ. ಒಂದು ಆನೆ, ಎರಡು ಸಿಂಹ, ಮೂರು ಒಂಟೆ, ನಾಲ್ಕು ಜೀಬ್ರಾ, ಐದು ಆಕಳು, ಹೀಗೆ ಹತ್ತು ಕೋಳಿಗಳವರೆಗೆ. ಮಕ್ಕಳು ಬಾಯಿ ತೆರೆದು ನೋಡಿದರು. ನನಗೆ ಗೆದ್ದಂತೆಯೇ ಅನಿಸಿತು.

ಆಮೇಲೆ ಪ್ರಶ್ನೆಗಳು ಶುರುವಾದವು. ಜೀಬ್ರಾವನ್ನು ಕತ್ತೆ ಎಂದುಕೊಂಡು ನಾಗಲಿಂಗ, "ಕತ್ತಿಗೆ ಪಟ್ಟಿ ಯಾರು ಹೊಡದಾರ್ರೀ?" ಎಂದ. ಆಕಳುಗಳು ವಿಲಾಯತಿಯವು, ಕಪ್ಪು ಬಿಳಿ ಮಚ್ಚೆಯವು. ಅವುಗಳ ಮೇಲೆ ಸುಣ್ಣ ಚೆಲ್ಲಿದವರನ್ನು ಬೈಯಬೇಕು ಎಂದು ಈರಣ್ಣ ತೀರ್ಮಾನ ಕೊಟ್ಟ. ಅಕ್ಕವ್ವ ಎಂಬ ಹುಡುಗಿ ಪುಸ್ತಕವನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಿರುವಿ ಹಾಕಿ ಕೇಳಿದಳು: "ಎಮ್ಮಿ ಎಲ್ಲಿ ಅದಾವ್ರೀ, ಅಕ್ಕೋರ?"

ಎಮ್ಮೆ ಇಲ್ಲ ಎಂದೆ. ಅವಳು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು. ನಾಲ್ಕು ವರ್ಷದ ಹುಡುಗಿ. ಹೆಸರು ಅಕ್ಕವ್ವ ಆದದ್ದರಿಂದ ಅವಳನ್ನು ಬೈಯುವಾಗಲೂ ಅಕ್ಕ ಎಂದೇ ಕರೆಯಬೇಕು. ಅದು ಅವಳಿಗೆ ಗೊತ್ತಿದೆ ಎಂದು ನನ್ನ ಅನುಮಾನ.

೧೮ ಆಗಸ್ಟ್, ಶುಕ್ರವಾರ

ಹಾಜರಿ: ೧೯.

ಈ ಮಕ್ಕಳು ದಡ್ಡರು. ಬರೆದುಬಿಟ್ಟೆ, ಮನಸ್ಸು ಹಗುರವಾಯಿತು.

ಬಾಯಿಪಾಠ ಬರುತ್ತದೆ. ಅದೂ ಹೇಗೆ? ಅವಧೂತನ ಮನೆಯಲ್ಲಿ ಮರಾಠಿ, ಪಕ್ಕದ ಈರಣ್ಣನದು ಕನ್ನಡ, ಅದರಾಚೆಯವಳದು ಮತ್ತೆ ಮರಾಠಿ. ಸಾಲಾಗಿ ಕೂರಿಸಿ ಒಬ್ಬೊಬ್ಬರು ಒಂದೊಂದು ಹೇಳಿ ಎಂದರೆ "ಒಂದು, ದೋನ್, ಮೂರು, ಚಾರ್, ಐದು, ಸಹಾ" ಎಂದು ಗಾಡಿ ಓಡುತ್ತದೆ. ಎಲ್ಲಿಯೂ ನಿಲ್ಲುವುದಿಲ್ಲ, ಎಲ್ಲಿಯೂ ತಪ್ಪುವುದೂ ಇಲ್ಲ. ಇದನ್ನು ಸುಹಾಸಿನಿಬಾಯಿಯವರ ಎದುರು ಹೇಳಿದರೆ ನನ್ನ ಗತಿ ಏನು ಎಂಬುದು ಬೇರೆ ಮಾತು.

ಆದರೆ ಪುಸ್ತಕ ತೆರೆದು, ಆಕಳ ಪುಟ ತೋರಿಸಿ, "ಎಷ್ಟು ಅದಾವ?" ಎಂದು ಕೇಳಿದರೆ ಎಲ್ಲರ ಬಾಯಿಗೂ ಬೀಗ. ಅಕ್ಕವ್ವ ಒಬ್ಬಳೇ ಪುಟವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಎಲ್ಲಾ ಅದಾವ್ರೀ" ಎಂದಳು.

"ಎಲ್ಲಾ ಅಂದ್ರ ಎಷ್ಟು?"

"ಎಲ್ಲಾರೂ ಬಂದಾವ್ರೀ. ಯಾವುದೂ ಹೊರಗ ಉಳದಿಲ್ಲ."

ಬೆರಳು ಹಿಡಿದು ಒಂದೊಂದೇ ಆಕಳ ಮೇಲೆ ಇರಿಸಿದೆ. ಬೆರಳನ್ನು ಬಿಸಿ ಹೆಂಚಿನಿಂದ ಎಳೆದುಕೊಳ್ಳುವ ಹಾಗೆ ಎಳೆದುಕೊಂಡಳು. ಮೊಂಡು.

೨೬ ಆಗಸ್ಟ್, ಶನಿವಾರ. ಬೆಳಗಾವಿ

ಮನೆ. ಬಿಸಿನೀರು. ಅವ್ವನ ಕೈಯ ಥಾಲಿಪೆಟ್ಟು. ಸಂಜೆ ಗೆಳತಿಯರ ಜೊತೆ ಕೋಟೆಯ ಕಡೆ ತಿರುಗಾಡಿ ಬಂದೆ. ಖಾನಾಪುರದ ವಿಷಯ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

೧೪ ಸೆಪ್ಟೆಂಬರ್, ಗುರುವಾರ. ಖಾನಾಪುರ

ಹಾಜರಿ: ೨೨.

ನನಗೊಂದು ಉಪಾಯ ಹೊಳೆದಿದೆ. ಚಿತ್ರದ ಪ್ರಾಣಿ ಬೇಡವೇ, ನಿಜವಾದ ಪ್ರಾಣಿಯನ್ನೇ ತೋರಿಸೋಣ. ಅಕ್ಕವ್ವನ ಮನೆಯವರು ಹಾಲು ಮಾರುವವರು, ಮಲಪ್ರಭೆಯ ದಂಡೆಗೆ ಹೋಗುವ ದಾರಿಯಲ್ಲಿ ಅವರ ಕೊಟ್ಟಿಗೆ. ಸಂಜೆ ಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ಹೋದೆ. ಅಕ್ಕವ್ವನ ಅಜ್ಜಿ ಕಾಶವ್ವ ಮರ್ಯಾದೆಯಿಂದ, "ಬರ್ರಿ ಅಕ್ಕೋರ, ಕುಂದರ್ರಿ" ಎಂದು ಕಂಬಳಿ ಹಾಸಿ, ಬಟ್ಟಲು ತುಂಬ ಹಾಲು ಕೊಟ್ಟರು. ಎಮ್ಮೆಗಳು ಒಳಗೆ ಬರುತ್ತಿದ್ದವು. ಮಿರಿಮಿರಿ ಮಿಂಚುವ ಎಮ್ಮೆಗಳು. ನಾನು ಎದ್ದು ನಿಂತು, ಬೆರಳು ತೋರಿಸಿ, ಗಟ್ಟಿಯಾಗಿ ಎಣಿಸಿದೆ. ಒಂಬತ್ತು.

"ನೋಡ್ರಿ ಮಕ್ಕಳ, ಒಂಬತ್ತು ಎಮ್ಮಿ" ಎಂದೆ.

ಮಕ್ಕಳು ನೆಲ ನೋಡುತ್ತಿದ್ದರು. ಕಾಶವ್ವ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡರು. ಹಾಲು ಇನ್ನೂ ಅರ್ಧ ಇತ್ತು. ಹಳ್ಳಿಯವರಿಗೆ ಶಿಕ್ಷಣದ ಬೆಲೆ ತಿಳಿಯುವುದಿಲ್ಲ ಎಂದುಕೊಂಡು ಬಂದೆ.

೧೫ ಸೆಪ್ಟೆಂಬರ್, ಶುಕ್ರವಾರ

ಮೇಯಲು ಹೋದ ಎಮ್ಮೆಗಳಲ್ಲಿ ಬಂಗಾರಿ ಎಂಬುದು ತಿರುಗಿ ಬಂದಿಲ್ಲವಂತೆ. ಸಿದ್ದಕ್ಕ ಬಂದು ಹೇಳಿದಳು. ಎಲ್ಲಕ್ಕಿಂತ ಹೆಚ್ಚು ಹಾಲು ಕೊಡುವುದು ಅದೇ.

"ನೀವು ಎಣಿಸಿದ್ರಂತಲ್ಲರೀ" ಎಂದಳು. ಇವತ್ತು ಅವಳು ನಗಲಿಲ್ಲ.

ಬದುಕಿರುವ ದನಕರುಗಳನ್ನು ಇವರು ಎಣಿಸುವುದಿಲ್ಲವಂತೆ. ಎಣಿಸಿದರೆ ದೃಷ್ಟಿ ತಾಗಿ ಒಂದು ಕಡಿಮೆಯಾಗುತ್ತದಂತೆ. ಎಷ್ಟಿವೆ ಎಂದು ಯಾರಾದರೂ ಕೇಳಿದರೆ, "ಶಿವಾ ಕೊಟ್ಟಷ್ಟು" ಎನ್ನುತ್ತಾರಂತೆ. ಇದನ್ನು ಮೊದಲೇ ಹೇಳಲು ಏನಾಗಿತ್ತು ಈಕೆಗೆ? ಕೇಳಿದ್ದಕ್ಕೆ, "ನಿಮಗ ಗೊತ್ತಿರಬೇಕಂತ ಅನ್ಕೊಂಡೆ, ಕಲತವರು" ಎಂದಳು.

ಇಪ್ಪತ್ತನೆಯ ಶತಮಾನದಲ್ಲಿ ಎಮ್ಮೆ ಕಳೆದದ್ದಕ್ಕೆ ನನ್ನ ಬೆರಳು ಕಾರಣ.

೧೮ ಸೆಪ್ಟೆಂಬರ್, ಸೋಮವಾರ

ಹಾಜರಿ: ೨. ಅವಧೂತ ಮತ್ತು ಅವನ ತಂಗಿ. ಅವರ ಮನೆಯಲ್ಲಿ ಎಮ್ಮೆ ಇಲ್ಲ.

ಸಿದ್ದಕ್ಕ ಮನೆಮನೆಗೆ ಹೋಗಿ ಬರಿಗೈಯಲ್ಲಿ ಬಂದಳು. ಇಂದು ದನ ಎಣಿಸಿದ ಬಾಯಿ ನಾಳೆ ಮಕ್ಕಳನ್ನು ಎಣಿಸಿದರೆ ಏನು ಗತಿ ಎಂದು ತಾಯಂದಿರು ಮಾತಾಡಿಕೊಳ್ಳುತ್ತಿದ್ದಾರಂತೆ. ಈ ದಿನಚರಿಯ ಪುಟ ತಿರುವಿ ನೋಡಿದೆ. ಹಾಜರಿ ೨೩, ಹಾಜರಿ ೨೧, ಹಾಜರಿ ೧೯. ಸುಮ್ಮನೆ ಮುಚ್ಚಿಟ್ಟೆ.

ಮಾಡಿದ ಉಪ್ಪಿಟ್ಟು ಅಷ್ಟೂ ಉಳಿಯಿತು. ಅವಧೂತ ಕೋಣೆ ಪೂರ್ತಿ ತನ್ನದೇ ಆಯಿತೆಂದು ಖುಷಿಯಿಂದ ಉರುಳಾಡಿದ. ಆಮೇಲೆ ಅವನಿಗೂ ಬೇಸರವಾಗಿ, "ಬಾಯಿ, ಅಕ್ಕವ್ವ ಕೇವ್ಹಾ ಯೇಣಾರ?" ಎಂದು ಕೇಳಿದ. ಅವಳು ಯಾವಾಗ ಬರುತ್ತಾಳೋ ನನಗೇನು ಗೊತ್ತು? ನನಗೆ ಅಳು ಬಂತು. ಕೆಲಸ ಹೋಗುತ್ತದಲ್ಲ ಎಂದು, ಬೇರೇನೂ ಅಲ್ಲ.

೧೯ ಸೆಪ್ಟೆಂಬರ್, ಮಂಗಳವಾರ

ಸಂಜೆ ಸಿದ್ದಕ್ಕನ ಜೊತೆ ಕಾಶವ್ವನ ಮನೆಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ, ಹೊಸ್ತಿಲಲ್ಲಿ ಎಲ್ಲ ಮರೆತುಹೋಯಿತು.

"ತಪ್ಪಾತ್ರಿ, ಕಾಶವ್ವಾರ" ಎಂದಷ್ಟೇ ಹೇಳಿದೆ.

ಕಾಶವ್ವ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದರು. "ನೀವೂ ಸಣ್ಣ ಹುಡುಗೀನ ಅದೀರಿ ಬಿಡ್ರಿ" ಎಂದರು. ಆಮೇಲೆ ನನ್ನನ್ನೇ ಕೂರಿಸಿ, ಉಪ್ಪು, ಒಣಮೆಣಸಿನಕಾಯಿ ಹಿಡಿದು ನನಗೆ ನಿವಾಳಿಸಿ ಒಲೆಗೆ ಹಾಕಿದರು. ದೃಷ್ಟಿ ತಗಲಿದ್ದು ಎಮ್ಮೆಗೆ, ತೆಗೆಯುವುದು ನನಗೇಕೆ ಎಂದು ಕೇಳಿದೆ. "ಎಮ್ಮಿ ಕೈಯಾಗ ಸಿಕ್ಕಿಲ್ಲಲ್ಲರೀ, ನೀವು ಸಿಕ್ಕೀರಿ" ಎಂದರು. ಮೆಣಸಿನಕಾಯಿ ಘಾಟಿಗೆ ನಾನು ಕೆಮ್ಮಲೇಬೇಕಿತ್ತು. ಕೆಮ್ಮಲಿಲ್ಲ. ಘಾಟು ಹತ್ತದಿದ್ದರೆ ದೃಷ್ಟಿ ಇದ್ದದ್ದು ನಿಜವಂತೆ, ಸಿದ್ದಕ್ಕ ಇದನ್ನು ಊರಿಗೆಲ್ಲ ಹೇಳುತ್ತಾಳೆ.

ಅಷ್ಟರಲ್ಲಿ ಬಂಗಾರಿ ಬಂತು. ನಂದಗಡದ ಕಡೆಯ ಯಾರದೋ ಹೊಲದಲ್ಲಿ ಹೊಟ್ಟೆ ಬಿರಿಯುವಂತೆ ಮೇದು, ಅಲ್ಲಿಯವರು ಕಟ್ಟಿಹಾಕಿ, ಇಂದು ಕಾಶವ್ವನ ಮಗ ಹುಡುಕಿ ಹೊಡೆದುಕೊಂಡು ಬಂದಿದ್ದ. ನಾಚಿಕೆಯೇ ಇಲ್ಲದ ಮುಖ ಅದರದು. ನನಗೆ ಅದನ್ನು ತಬ್ಬಿಕೊಳ್ಳಬೇಕು ಅನಿಸಿತು, ಕೊಂಬು ನೋಡಿ ಬಿಟ್ಟೆ.

ಕತ್ತಲಾಗುವ ಮುನ್ನ ಕಾಶವ್ವ ಕೊಟ್ಟಿಗೆಯಲ್ಲಿ ಒಂದು ಸುತ್ತು ಬಂದರು. ಒಂದೊಂದು ಗೂಟದ ಹತ್ತಿರ ನಿಂತು ಆ ಗೂಟದ ಎಮ್ಮೆಯ ಹೆಸರು ಕೂಗುವುದು, ಹಣೆ ಮುಟ್ಟುವುದು, ಮುಂದಿನ ಗೂಟಕ್ಕೆ ಹೋಗುವುದು. ಗಂಗಿ. ಸುಂದ್ರಿ. ಮುರಕೋಡಿ. ಬಂಗಾರಿ. ಹಿಂದೆಯೇ ಅಕ್ಕವ್ವ, ಅವಳೂ ಹಣೆ ಮುಟ್ಟಲು ಹಾರುವುದು. ಕೊನೆಯ ಗೂಟ ಮುಗಿದ ಮೇಲೆ ಕಾಶವ್ವ ಮಗನಿಗೆ ಹೇಳಿದರು: "ಎಲ್ಲಾ ಬಂದಾವ. ಬಾಗಲಾ ಹಾಕು."

ಓಹೋ ಎಂದುಕೊಂಡೆ. ಅಕ್ಕವ್ವ ನನಗೆ ಉತ್ತರ ಕೊಟ್ಟಿದ್ದಳು, ನಾನು ಕೇಳಿದ್ದು ಬೇರೆ ಪ್ರಶ್ನೆ. ಆದರೆ ಇನ್ನೊಂದು ವಿಷಯ ನೋಡಿದೆ. ಕಾಶವ್ವನ ಮಗ ಹೊಸ ಹಗ್ಗ ತರಬೇಕೆಂದು ಗೂಟಗಳನ್ನು ಬೆರಳಿಟ್ಟು ಎಣಿಸುತ್ತಿದ್ದ. ಗಟ್ಟಿಯಾಗಿಯೇ. ಯಾರೂ ಏನೂ ಅನ್ನಲಿಲ್ಲ.

ಗೂಟಕ್ಕೆ ದೃಷ್ಟಿ ತಾಗುವುದಿಲ್ಲವಂತೆ, ಅದು ಕಟ್ಟಿಗೆ.

೨೭ ಸೆಪ್ಟೆಂಬರ್, ಬುಧವಾರ

ಈರಣ್ಣನಿಗೆ ಕೆಮ್ಮು. ಉಳಿದವರೆಲ್ಲ ಬಂದಿದ್ದರು. ಬಂಗಾರಿ ಸಿಕ್ಕ ಮೇಲೆ ತಾಯಂದಿರು ಮಕ್ಕಳನ್ನು ಮತ್ತೆ ಕಳಿಸುತ್ತಿದ್ದಾರೆ.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನೇ ಪುಸ್ತಕ ಬರೆಯುತ್ತಿದ್ದೇನೆ. ಪ್ರತಿ ಪುಟದಲ್ಲೂ ಗೂಟ, ಗೂಟಕ್ಕೆ ಹಗ್ಗ, ಹಗ್ಗಕ್ಕೆ ಪ್ರಾಣಿ. ಪ್ರಾಣಿಯನ್ನು ಹೆಸರು ಹಿಡಿದು ಮಾತಾಡಿಸಬೇಕು, ಗೂಟವನ್ನು ಎಣಿಸಬೇಕು. ಒಂದು ಗೂಟ, ಒಂದು ಆನೆ. ನನ್ನ ಆನೆ ಸುತ್ತಿಟ್ಟ ಹಾಸಿಗೆಯಂತಿದೆ, ಆದರೂ ಮಕ್ಕಳು ಗುರುತು ಹಿಡಿದರು. ಎರಡು ಗೂಟ, ಎರಡು ಸಿಂಹ. ಸಿಂಹಕ್ಕೆ ಗೂಟ ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಹಗ್ಗ ಸಾಕಾಗುವುದಿಲ್ಲ, ಸರಪಳಿ ಬರೆಯಿರಿ ಎಂದು ನಾಗಲಿಂಗ ಹೇಳಿದ. ಬರೆದೆ.

ಆರನೆಯ ಪುಟದಲ್ಲಿ ಎಮ್ಮೆ ಹಾಕಿದ್ದೇನೆ. ಅಕ್ಕವ್ವ ಆ ಪುಟದಿಂದ ಏಳಲೇ ಇಲ್ಲ. ಗೂಟದ ಮೇಲೆ ಬೆರಳಿಟ್ಟು, "ಒಂದು, ಎರಡು" ಎಂದು ಆರರವರೆಗೆ ಹೋಗಿ ನನ್ನ ಮುಖ ನೋಡಿದಳು. ನಾನು ಬಣ್ಣದ ಕಡ್ಡಿಗಳನ್ನು ಜೋಡಿಸುತ್ತ ಕುಳಿತೆ. ಮಾತಾಡಿದರೆ ಕೆಟ್ಟುಹೋಗುತ್ತದೆ ಅನಿಸಿತು.

ತೊಂದರೆ ಬಂದದ್ದು ಕೋಳಿಗಳಿಂದ. ಕೋಳಿಯನ್ನು ಗೂಟಕ್ಕೆ ಯಾರೂ ಕಟ್ಟುವುದಿಲ್ಲ, ಬುಟ್ಟಿ ಮುಚ್ಚುತ್ತಾರೆ ಎಂದು ದೊಡ್ಡ ಗದ್ದಲ. ಸರಿ, ಹತ್ತು ಬುಟ್ಟಿ ಬರೆಯುತ್ತೇನೆ ಎಂದೆ. "ಅಷ್ಟು ಬುಟ್ಟಿ ಯಾರ ಮನ್ಯಾಗ ಇರತಾವ್ರೀ?" ಎಂದಳು ಅಕ್ಕವ್ವ. ಹತ್ತನೆಯ ಪುಟವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.

೧ ನವೆಂಬರ್, ಬುಧವಾರ. ಬೆಳಗಾವಿ

ಇಂದು ದೀಪಾವಳಿ ಪಾಡ್ಯ. ಹಾಲು ಮಾರುವ ಗೌಳಿಗಳ ಎಮ್ಮೆಗಳು ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ನೆತ್ತಿಗೆ ನವಿಲುಗರಿ ಕಟ್ಟಿಕೊಂಡು ಬೀದಿಯಲ್ಲಿ ಓಡಿದವು. ಅಪ್ಪ ಕಟ್ಟೆಯ ಮೇಲೆ ನಿಂತು ಉತ್ಸಾಹದಿಂದ, "ಎಷ್ಟಾವ ನೋಡು ಈ ಸಲಾ, ಎಣಿಸು ಎಣಿಸು" ಎಂದರು. ನನಗೆ ಪಟಾಕಿ ಹೊಗೆಯಿಂದ ಕಣ್ಣುರಿ. ಒಳಗೆ ಹೋದೆ.

ಕಾಶವ್ವಗೆ ಕೊಡಲು ಗೆಜ್ಜೆಸರ ತೆಗೆದುಕೊಂಡಿದ್ದೇನೆ. ಬಂಗಾರಿಗೆ. ಅದಕ್ಕೇ ಕೊಡಬೇಕೆಂದೇನಿಲ್ಲ, ಯಾವ ಎಮ್ಮೆಗಾದರೂ ಆದೀತು.

೨೯ ನವೆಂಬರ್, ಬುಧವಾರ. ಖಾನಾಪುರ

ಕೋಳಿ ತಂಟೆ ಬಗೆಹರಿಯಿತು. ಕೋಳಿಗಳ ಬದಲು ಹತ್ತು ತತ್ತಿ ಬರೆದೆ. ತತ್ತಿಯನ್ನು ಎಣಿಸಬಹುದು, ಮರಿ ಹೊರಗೆ ಬರುವವರೆಗೆ. ಎಲ್ಲರೂ ಒಪ್ಪಿದರು.

೧೭ ಜನವರಿ ೧೯೭೯, ಬುಧವಾರ

ಸುಹಾಸಿನಿಬಾಯಿ ಬಂದು ಹೋದರು. ನಗು ಇನ್ನೂ ನಿಂತಿಲ್ಲ. ಕ್ರಮವಾಗಿ ಬರೆಯುತ್ತೇನೆ.

ಜೊತೆಗೆ ಮಂಡಳದ ಪದ್ಮವ್ವ ಬಂದಿದ್ದರು. ಇಬ್ಬರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕುಳಿತರು. ನಾನು ನನ್ನ ಗೂಟದ ಪುಸ್ತಕ ತೆಗೆಯುವುದರೊಳಗೆ ಸುಹಾಸಿನಿಬಾಯಿ ಕಪಾಟಿನಲ್ಲಿದ್ದ ಹೊಳೆಯುವ ಪುಸ್ತಕ ತೆಗೆದು, ಸಿಂಹಗಳ ಪುಟ ಹಿಡಿದು ಕೇಳಿದರು: "ಹೇಳ್ರಿ ನೋಡೂಣು, ಸಿಂಹ ಎಷ್ಟವ?"

ಮಕ್ಕಳು ಹತ್ತಿರ ಸರಿದು ಪುಟವನ್ನು ಹುಡುಕಿದರು. ಗೂಟ ಇರಲಿಲ್ಲ.

"ಬಿಟ್ಟಾರ್ರೀ ಇವನ್ನ" ಎಂದ ಈರಣ್ಣ ಗಾಬರಿಯಿಂದ. "ಯಾರದರ ಬೆಳಿಯಾಗ ಹೋಗ್ತಾವ್ರೀ" ಎಂದಳು ಅಕ್ಕವ್ವ.

ಸುಹಾಸಿನಿಬಾಯಿ ನನ್ನ ಕಡೆ ನೋಡಿದ ನೋಟ ಬರೆಯಲಾರೆ. ಪುಸ್ತಕ ಮುಚ್ಚಿ, "ಇರಲಿ, ಹಾಜರಿಯರೆ ನೋಡೂಣು" ಎಂದು ಎದ್ದು ನಿಂತು, ಮಕ್ಕಳ ತಲೆಯ ಮೇಲೆ ಬೆರಳು ಚಾಚಿ ಶುರು ಮಾಡಿದರು. "ಒಂದು, ಎರಡು, ಮೂರು..."

ನಾನು ಹೋಗಿ ಅವರ ಕೈ ಹಿಡಿದುಬಿಟ್ಟೆ.

ಯಾಕೆ ಹಿಡಿದೆನೋ ದೇವರಾಣೆ ಗೊತ್ತಿಲ್ಲ. ಅಧ್ಯಕ್ಷೆಯ ಕೈ. ಬಳೆ ಸಮೇತ. "ಬ್ಯಾಡ್ರಿ" ಎಂದೆ. "ಮಕ್ಕಳನ್ನ ಎಣಿಸಬ್ಯಾಡ್ರಿ."

"ಯಾಕ?"

"ಹಂಗ ಎಣಿಸಂಗಿಲ್ರಿ."

ಬಾಗಿಲಲ್ಲಿ ಸಿದ್ದಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಸುಹಾಸಿನಿಬಾಯಿ ಮೆಲ್ಲಗೆ ಕೈ ಬಿಡಿಸಿಕೊಂಡರು. "ಮತ್ತ ಎಲ್ಲಾರೂ ಬಂದಾರೋ ಇಲ್ಲೋ ನಿನಗ ಹ್ಯಾಂಗ ತಿಳೀತದ?"

ನಾನು ಕೋಣೆಯನ್ನು ಒಮ್ಮೆ ನೋಡಿದೆ. "ನಾಗಲಿಂಗ ಇಲ್ರಿ" ಎಂದೆ. "ಈಗ ಇದ್ದ, ಹೊರಗ ಹೋಗ್ಯಾನ."

ಅಷ್ಟರಲ್ಲಿ ನಾಗಲಿಂಗ ಚಡ್ಡಿ ಏರಿಸಿಕೊಳ್ಳುತ್ತ ಒಳಗೆ ಬಂದ. ಬಂದವನೇ, "ಅಕ್ಕೋರ, ಚಪ್ಪಲಿ ಏಳ ಅದಾವ್ರೀ" ಎಂದ. "ಒಂದಕ್ಕ ಜೋಡಿ ಇಲ್ಲ. ಎಂಟು ಇರಬೇಕಿತ್ತು."

ಮಕ್ಕಳೆಲ್ಲ ಎದ್ದು ಹೊರಗೆ ಓಡಿದರು. ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಎಲ್ಲರೂ ಒಟ್ಟಿಗೆ ಬೆರಳಿಟ್ಟು, "ಒಂದು, ದೋನ್, ಮೂರು, ಚಾರ್, ಐದು, ಸಹಾ, ಏಳು" ಎಂದು ಕೂಗಿದರು. ಅವಧೂತನವು ಎರಡು, ನನ್ನವು ಎರಡು, ಪದ್ಮವ್ವನವು ಎರಡು. ಉಳಿದ ಮಕ್ಕಳದೂ ಸಿದ್ದಕ್ಕನದೂ ಬರಿಗಾಲು. ಸುಹಾಸಿನಿಬಾಯಿಯವರದು ಒಂದೇ. ಇನ್ನೊಂದನ್ನು ಕರಿಯ ನಾಯಿಯೊಂದು ರಸ್ತೆಯ ಆಚೆ ಇಟ್ಟುಕೊಂಡು ಅಗಿಯುತ್ತಿತ್ತು. ಸಿದ್ದಕ್ಕ ಸೌಟು ಹಿಡಿದು ಓಡಿದಳು, ಸಿದ್ದಕ್ಕನ ಹಿಂದೆ ಬಾಲವಾಡಿ ಓಡಿತು, ಬಾಲವಾಡಿಯ ಹಿಂದೆ ನಾನು. ಚಪ್ಪಲಿ ತಂದು ಇಟ್ಟ ಮೇಲೆ ಅಕ್ಕವ್ವ ಮತ್ತೊಮ್ಮೆ ಮೊದಲಿಂದ ಎಣಿಸಿ, "ಎಂಟು" ಎಂದು ಅಧ್ಯಕ್ಷೆಗೆ ವರದಿ ಕೊಟ್ಟಳು.

ಸುಹಾಸಿನಿಬಾಯಿ ಹಲ್ಲಿನ ಗುರುತು ಬಿದ್ದ ಚಪ್ಪಲಿಯನ್ನು ತಿರುಗಿಸಿ ನೋಡಿ ನೋಡಿ ನಕ್ಕರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ನನ್ನ ಗೂಟದ ಪುಸ್ತಕ ಕೇಳಿ ತೆಗೆದುಕೊಂಡು, ಸರಪಳಿಯ ಸಿಂಹದ ಎದುರು ಬಹಳ ಹೊತ್ತು ಕುಳಿತರು. ಮಕ್ಕಳು ಅವರನ್ನು ಹತ್ತು ತತ್ತಿಯವರೆಗೆ ಕರೆದುಕೊಂಡು ಹೋದರು.

"ಬಾಲವಾಡಿ ನಡೀಲಿ" ಎಂದರು ಹೊರಡುವಾಗ.

೨೦ ಜನವರಿ, ಶನಿವಾರ. ಬೆಳಗಾವಿ

ಶಿಶುವಿಹಾರದ ಕೆಲಸ ನನ್ನದೇ. ಜೂನಿನಿಂದ ಬಾ ಎಂದು ಸುಹಾಸಿನಿಬಾಯಿ ಮನೆಗೇ ಹೇಳಿಕಳಿಸಿದ್ದಾರೆ. ಖಾನಾಪುರಕ್ಕೆ ಬೇರೆ ಯಾರನ್ನಾದರೂ ನೋಡುತ್ತಾರಂತೆ. ಅವ್ವ ಸಿಹಿ ತರಿಸಿದಳು, ಕುಂದಾ. ಅಪ್ಪ ಎಂದಿನಂತೆ ತಮಾಷೆ ಮಾಡಿದರು.

ಬೇಕಾಗಿದ್ದು ಇದೇ. ಎರಡು ಚಮಚ ತಿಂದೆ. ಯಾಕೋ ಬಹಳ ಸಿಹಿಯಾಗಿತ್ತು.

೨೨ ಜನವರಿ, ಸೋಮವಾರ. ಖಾನಾಪುರ

ಸಿದ್ದಕ್ಕನಿಗೆ ಮಾತ್ರ ಹೇಳಿದ್ದೆ. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತು.

ಅಕ್ಕವ್ವ ಬಂದು ಎದುರಿಗೆ ನಿಂತಳು. "ಅಲ್ಲಿ ಹುಡುಗೂರಿಗೆ ಎಮ್ಮಿ ಗೊತ್ತದಾವೇನ್ರೀ?"

"ಗೊತ್ತಿರಬೇಕು."

"ಗೊತ್ತಿಲ್ಲಂದ್ರ ಹೇಳಿಕೊಡ್ರಿ" ಎಂದು ಹೋಗಿಬಿಟ್ಟಳು.

ಅಷ್ಟೇ. ಇಡೀ ಮಧ್ಯಾಹ್ನ ನನ್ನ ಕೈಯಲ್ಲಿ ಸೀಮೆಸುಣ್ಣ ಮುರಿಯುತ್ತಲೇ ಇತ್ತು.

೨೭ ಜನವರಿ, ಶನಿವಾರ. ಬೆಳಗಾವಿ

ಸುಹಾಸಿನಿಬಾಯಿಯವರ ಮನೆಗೆ ಹೋಗಿದ್ದೆ. ನಾನು ಈಗ ಬರೆಯುತ್ತಿರುವ ಇಪ್ಪತ್ತರವರೆಗಿನ ಗೂಟದ ಪುಸ್ತಕ ಅರ್ಧವಾಗಿದೆ, ಅರ್ಧಕ್ಕೆ ಬಿಟ್ಟರೆ ಚೆನ್ನಾಗಿರುವುದಿಲ್ಲ, ಬಣ್ಣದ ಕಡ್ಡಿಗಳೂ ಖಾನಾಪುರದಲ್ಲೇ ಇವೆ ಎಂದೆಲ್ಲ ವಿವರಿಸಿದೆ. ಅವರು ಚಹಾ ಕುಡಿಯುತ್ತ ಕೇಳಿದರು. "ಬಣ್ಣದ ಕಡ್ಡಿ ಬೆಳಗಾವ್ಯಾಗ ಸಿಗಂಗಿಲ್ಲೇನು?" ಎಂದರು. ಅಂಥವು ಸಿಗುವುದಿಲ್ಲ ಎಂದೆ. ಶಿಶುವಿಹಾರಕ್ಕೆ ಬೇರೆಯವರನ್ನು ನೋಡುತ್ತಾರೆ.

ಮನೆಯಲ್ಲಿ ಅವ್ವ ಮಾತು ಬಿಟ್ಟಿದ್ದಾಳೆ. ಅಪ್ಪ, "ಈಗ ಎಷ್ಟು ಹುಡುಗೂರು ಬರ್ತಾವ ನಿನ್ನ ಬಾಲವಾಡಿಗೆ?" ಎಂದು ಕೇಳಿದರು. "ದೇವರು ಕೊಟ್ಟಷ್ಟು" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

೨೯ ಜನವರಿ, ಸೋಮವಾರ. ಖಾನಾಪುರ

ಬೆಳಗಿನ ಲೋಂಡಾ ರೈಲು ತಡ. ನಿಲ್ದಾಣದಿಂದ ಓಡುತ್ತಲೇ ಬಂದೆ. ಒಂದು ಕಾಲಿನ ಚಪ್ಪಲಿ ಕಿತ್ತುಹೋಯಿತು, ಕೈಯಲ್ಲಿ ಹಿಡಿದುಕೊಂಡು ಓಡಿದೆ.

ಬಾಲವಾಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಸಾಲಾಗಿ ಗೂಟಗಳನ್ನು ಬರೆದಿದ್ದರು. ಅಕ್ಕವ್ವನ ಕೆಲಸ. ಒಬ್ಬೊಬ್ಬರು ತಮ್ಮ ತಮ್ಮ ಗೂಟದ ಮೇಲೆ ನಿಂತಿದ್ದರು. ಕರಿಹಲಗೆಯ ಪಕ್ಕದಲ್ಲಿ ಇನ್ನೊಂದು ಗೂಟ, ಉಳಿದವಕ್ಕಿಂತ ದಪ್ಪ. ಅದಕ್ಕೆ ಹಗ್ಗ ಸಾಲದೆಂದು ನಾಗಲಿಂಗ ಸರಪಳಿ ಬರೆದಿದ್ದ. ಅದರ ಮೇಲೆ ಯಾರೂ ನಿಂತಿರಲಿಲ್ಲ. ಸಿದ್ದಕ್ಕ ಬಾಗಿಲು ಹಿಡಿದುಕೊಂಡು ಕಾಯುತ್ತಿದ್ದಳು.

ನಾನು ಚಪ್ಪಲಿ ಹೊರಗಿಟ್ಟು, ಒಳಗೆ ಹೋಗಿ, ಆ ಗೂಟದ ಮೇಲೆ ನಿಂತೆ. ಅಕ್ಕವ್ವ ಸಾಲಿನುದ್ದಕ್ಕೂ ಬಂದಳು, ಒಬ್ಬೊಬ್ಬರ ಹೆಸರು ಹೇಳಿ ಹಣೆ ಮುಟ್ಟುತ್ತ. ನನ್ನ ಹತ್ತಿರ ಬಂದಾಗ ಕೈ ನಿಲುಕಲಿಲ್ಲ. ನಾನು ಬಗ್ಗಿದೆ.

"ಕುಂದಾ ಅಕ್ಕೋರು" ಎಂದು ಹಣೆ ಮುಟ್ಟಿದಳು. ಆಮೇಲೆ ಸಿದ್ದಕ್ಕನ ಕಡೆ ತಿರುಗಿ ಹೇಳಿದಳು:

"ಎಲ್ಲಾ ಬಂದಾವ. ಬಾಗಲಾ ಹಾಕು."